ಪಾರ್ಟು ಹಂಚುವ ಮೊದಲು ಮೇಷ್ಟ್ರನ್ನು ಕೇಳಿ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಈ ಸುಗ್ಗಿ ಕಳೆದ ಮೇಲೆ ಪೌರಾಣಿಕ ನಾಟಕ ಆಡಲು ಹೊರಟಿರುವ ಎಲ್ಲ ಸಂಘಗಳ ಯಜಮಾನರಿಗೆ ಮತ್ತು ಪಾತ್ರಧಾರಿ ಅಣ್ಣತಮ್ಮಂದಿರಿಗೆ,



ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿ, ಭತ್ತ ಒಕ್ಕಿ ಮನೆ ತುಂಬಿಸಿಕೊಂಡ ಮೇಲೆ ನಮ್ಮ ಕಡೆ ಎರಡು ಮಾತು ಒಟ್ಟಿಗೇ ಏಳುತ್ತವೆ. ಊರಹಬ್ಬ ಯಾವತ್ತು, ಈ ಸಲ ಯಾವ ನಾಟಕ? ಎರಡನೆಯದಕ್ಕೆ ಉತ್ತರ ಹೆಚ್ಚುಕಡಿಮೆ ಗೊತ್ತಿರುವುದೇ. ‘ಕುರುಕ್ಷೇತ್ರ’. ಬಿಟ್ಟರೆ ‘ದಾನಶೂರ ಕರ್ಣ’, ‘ರಾಜಾ ಸತ್ಯವ್ರತ’, ಇಲ್ಲವೇ ‘ಸಂಪೂರ್ಣ ರಾಮಾಯಣ’. ಅರಳಿಕಟ್ಟೆಯ ಮೇಲೆ ಸಭೆ ಸೇರುತ್ತದೆ. ದುರ್ಯೋಧನ ಯಾರಿಗೆ, ಕೃಷ್ಣ ಯಾರಿಗೆ, ಭೀಮ ಯಾರಿಗೆ ಎಂದು ಮಾತಾಗುತ್ತದೆ. ಯಾವ ಪಾರ್ಟಿಗೆ ಎಷ್ಟು ದುಡ್ಡು ಎಂದು ಗೊತ್ತಾಗುತ್ತದೆ. ಸೀನರಿಯವರಿಗೆ ಫೋನು ಹೋಗುತ್ತದೆ, ಸೌಂಡಿನವರಿಗೆ ಅಡ್ವಾನ್ಸೂ ಆಗಿಹೋಗುತ್ತದೆ. ಎಲ್ಲ ಮುಗಿದು ಎದ್ದೇಳುವ ಹೊತ್ತಿಗೆ ಯಾರೋ ಒಬ್ಬರು ಟವೆಲ್ ಕೊಡವಿಕೊಳ್ಳುತ್ತಾ, “ಅಂದಂಗೆ, ಮೇಷ್ಟ್ರು ಯಾರ್‍ನ ಕರ್ಸದು?” ಅನ್ನುತ್ತಾರೆ.

ಆ ಪ್ರಶ್ನೆ ಕೊನೆಗೆ ಬರುತ್ತಿದೆಯಲ್ಲ, ಅದರ ಬಗ್ಗೆಯೇ ಈ ಪತ್ರ. ಹಾರ್ಮೋನಿಯಂ ಮುಂದೆ ಕೂರುವವರನ್ನು ಮೊದಲು ಗೊತ್ತುಮಾಡಿ, ಆಮೇಲೆ ಪಾರ್ಟು ಹಂಚಿ. ಇಷ್ಟನ್ನೇ ಕೇಳಿಕೊಳ್ಳಬೇಕಾಗಿದೆ, ಉಳಿದದ್ದೆಲ್ಲ ಇದರ ಬೆನ್ನಿಗೆ ಬರುವ ಮಾತು.

ಹೇಳುವುದಕ್ಕೆ ನೀನ್ಯಾರು ಎಂದು ಕೇಳುವ ಹಕ್ಕು ನಿಮಗಿದೆ. ಹಗಲು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ, ರಾತ್ರಿ ತಬಲ ಬಾರಿಸುತ್ತಿದ್ದೆ. ಕೆ.ಎಂ. ದೊಡ್ಡಿ, ಹಲಗೂರು, ಕಿರುಗಾವಲು, ಬೆಸಗರಹಳ್ಳಿ, ಕೊಪ್ಪ, ಈ ಸುತ್ತಿನಲ್ಲಿ ರಂಗದ ಕೆಳಗೆ ಹಾರ್ಮೋನಿಯಂ ಪಕ್ಕ ಕೂತು ನಿಮ್ಮ ಅಪ್ಪಂದಿರ ಹಾಡಿಗೆ ಕೇರ್ವ, ದಾದ್ರಾ ಕೊಟ್ಟವನು ನಾನು. ಈಗ ಬೆರಳು ಮಾತು ಕೇಳುವುದಿಲ್ಲ, ಬಿಟ್ಟಿದ್ದೇನೆ. ಆದ್ದರಿಂದ ಮುಂದೆ ಸಂಭಾವನೆಯ ವಿಚಾರ ಬಂದಾಗ ಇವನು ತನ್ನ ಜೇಬಿಗೆ ಕೇಳುತ್ತಿದ್ದಾನೆ ಎಂದುಕೊಳ್ಳಬೇಡಿ.

ನಾವು ಕೂರುವ ಜಾಗದಿಂದ ನಾಟಕ ಬೇರೆ ಥರ ಕಾಣುತ್ತದೆ. ಜನಕ್ಕೆ ಪಾತ್ರಧಾರಿಯ ಮುಖ ಕಂಡರೆ ನಮಗೆ ಕಾಲು ಕಾಣುತ್ತದೆ. ಮೇಲೆ ಗದೆ ಎಷ್ಟೇ ಗಟ್ಟಿಯಾಗಿ ನಿಂತಿರಲಿ, ಮಂಡಿ ನಡುಗುತ್ತಿರುವುದು ಮೊದಲು ಗೊತ್ತಾಗುವುದು ಮೇಷ್ಟ್ರಿಗೆ. ಗೊತ್ತಾದ ತಕ್ಷಣ ಅವರು ಏನು ಮಾಡುತ್ತಾರೆ ಎನ್ನುವುದರಲ್ಲಿ ನಾಟಕ ಉಳಿಯುವುದೋ ಬೀಳುವುದೋ ಇರುತ್ತದೆ.

ಮಳವಳ್ಳಿ ತಾಲ್ಲೂಕಿನ ಒಂದೂರಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಕರ್ಣನ ಪಾರ್ಟು ಮಾಡಿದವನು ಟ್ರ್ಯಾಕ್ಟರ್ ಓಡಿಸುವ ಹುಡುಗ. ಕಂಠ ಚೆನ್ನಾಗಿತ್ತು, ಸಭೆಯ ಹೆದರಿಕೆ ಮಾತ್ರ ಹೋಗಿರಲಿಲ್ಲ. ಕುಂತಿಗೆ ಮೈಸೂರಿನಿಂದ ಬಂದ ಕಲಾವಿದೆ. ಅದೇ ರಾತ್ರಿ ದ್ರೌಪದಿಯೂ ಅವರೇ. ನಾನೇ ನಿನ್ನ ತಾಯಿ ಎಂದು ಕುಂತಿ ಹೇಳಿ ನಿಲ್ಲಿಸಿದ ಮೇಲೆ ಕರ್ಣ ಒಂದು ಕಂದ ಎತ್ತಬೇಕು. ಹುಡುಗ ಬಾಯಿ ತೆರೆದ, ಪದ ಬರಲಿಲ್ಲ. ಮೇಷ್ಟ್ರು ತಲೆಯನ್ನೂ ಎತ್ತಲಿಲ್ಲ. ಷಡ್ಜದ ಮೇಲೆ ಬೆರಳಿಟ್ಟು ತಿದಿ ಎಳೆದರು. ಹಿಂದೋಳದ ನಾಲ್ಕಾರು ಸ್ವರಗಳನ್ನು ಒಂದೊಂದಾಗಿ ಬಿಟ್ಟರು, ಮತ್ತೆ ಷಡ್ಜಕ್ಕೆ ಬಂದು ನಿಂತರು. ನನ್ನ ಕಡೆ ಕಣ್ಣಲ್ಲೇ ಬೇಡ ಅಂದರು, ಕೈ ತೆಗೆದೆ. ಕುಂತಿಗೂ ಗೊತ್ತಾಯಿತು. ಒಂದು ಹೆಜ್ಜೆ ಮುಂದೆ ಬಂದು ಕರ್ಣನ ತಲೆ ಸವರಿದರು. ಹುಡುಗನ ಗಂಟಲು ಕಟ್ಟಿತ್ತು, ಕಣ್ಣು ನೆಟ್ಟಗೆ ಕೆಳಗೆ, ಮೇಷ್ಟ್ರ ಬಾಯಿಯ ಮೇಲೆ. ಅವರು ತುಟಿಯಲ್ಲೇ ಮೊದಲ ಪದ ಕೊಟ್ಟರು, ಅವನು ಹಿಡಿದುಕೊಂಡ, ಹಾಡಿದ. ಮುಂದೆ ಚಾಪೆಯ ಮೇಲೆ ಕೂತಿದ್ದ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮಾರನೆಯ ದಿನ ಟೀ ಅಂಗಡಿಯಲ್ಲಿ ಅದೇ ಮಾತು: “ಕರ್ಣ ಮಾತೇ ಆಡ್ದೆ ಅಳ್ತಾ ನಿಂತ್ಕಂಡ್ನಲ್ಲ, ಅದು ಕಣಯ್ಯ ಪಾರ್ಟು ಅಂದ್ರೆ.” ಅವನು ಅಳುತ್ತಿರಲಿಲ್ಲ, ಪದ ಹುಡುಕುತ್ತಿದ್ದ. ಆ ಹುಡುಕಾಟವನ್ನು ಅಳುವಾಗಿ ಮಾಡಿದ್ದು ಹಾರ್ಮೋನಿಯಂ.

ಪೆನ್‌ಡ್ರೈವಿನ ಟ್ರ್ಯಾಕು ಹೀಗೆ ಕಾಯುವುದಿಲ್ಲ. ನೀನು ಹಾಡಿದರೂ ಅದು ಹೋಗುತ್ತದೆ, ಬಿಟ್ಟರೂ ಹೋಗುತ್ತದೆ. ಕೀಬೋರ್ಡಿನೊಳಗಿನ ತಾಳವನ್ನು ಆನ್ ಮಾಡಿ ಅದರ ಹಿಂದೆ ಪಾತ್ರಧಾರಿಯನ್ನು ಓಡಿಸುವುದನ್ನು ಈಚೆಗೆ ಕೆಲವು ಕಡೆ ನೋಡಿದೆ. ತಬಲದವನ ಕೂಲಿ ಉಳಿಯಿತು ಎನ್ನುವುದು ಲೆಕ್ಕ. ಕಂದ, ವೃತ್ತ, ಸೀಸಪದ್ಯಗಳಿಗೆ ತಾಳದ ಕಟ್ಟೇ ಇಲ್ಲ. ಪಾತ್ರಧಾರಿ ಉಸಿರು ಇದ್ದಷ್ಟು ಎಳೆದು, ಅರ್ಥಕ್ಕೆ ತಕ್ಕಂತೆ ಬಿಟ್ಟು, ಕೊನೆಯ ಪದಕ್ಕೆ ಬಂದು ಮುಟ್ಟಿದಾಗ ತಬಲ ಬೀಳಬೇಕು. ಅದನ್ನು ಯಂತ್ರಕ್ಕೆ ಯಾರು ಹೇಳಿಕೊಡುತ್ತೀರಿ?

ಕೀಬೋರ್ಡೇ ಬೇಡ ಅನ್ನುವ ಹಟ ನನಗಿಲ್ಲ. ಒಂದು ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ, ಯುದ್ಧದ ಸೀನಿಗೆ ಬೇಕಾದ ಸದ್ದು ಸಿಗುತ್ತದೆ, ಚೆನ್ನಾಗಿ ನುಡಿಸುವ ಹುಡುಗರು ನಮ್ಮಲ್ಲೇ ಇದ್ದಾರೆ. ಹಾರ್ಮೋನಿಯಂ ತಾನೇ ಎಲ್ಲಿಯದು? 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ್ದು. ನಮ್ಮ ಸಂಗೀತದ ಗಮಕ ಅದರಲ್ಲಿ ನಿಲ್ಲುವುದಿಲ್ಲ ಎಂದು ಆಕಾಶವಾಣಿಯವರು 1940ರಲ್ಲಿ ಅದನ್ನು ಹೊರಗಿಟ್ಟರು. 1971ರವರೆಗೆ ಒಳಕ್ಕೆ ಬಿಡಲಿಲ್ಲ. ಆ ಮೂವತ್ತು ವರ್ಷವೂ ನಾಟಕದ ಕಂಪನಿಗಳಲ್ಲಿ, ನಮ್ಮ ಹಳ್ಳಿಗಳ ಮಾರಿಗುಡಿ ಜಗಲಿಗಳಲ್ಲಿ ಅದು ದಿನಾ ರಾತ್ರಿ ಹಾಡಿಕೊಂಡೇ ಇತ್ತು. ಹೊರಗಿನಿಂದ ಬಂದದ್ದು ಎನ್ನುವುದು ಸಮಸ್ಯೆಯಲ್ಲ. ಹಾಡುವವನ ಹಿಂದೆ ಹೋಗುವ ಕೈ ಅಲ್ಲಿ ಇದೆಯೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆ.

ಈ ಹಾಡುಗಳು ನಮ್ಮ ಊರಿಗೆ ಬಂದು ಸೇರಿದ ದಾರಿಯನ್ನೂ ಸ್ವಲ್ಪ ಹೇಳಬೇಕು. ಎಳೆಯ ಪಾತ್ರಧಾರಿಗಳಲ್ಲಿ ಹಲವರಿಗೆ ಇವು ಸಿನಿಮಾ ಹಾಡಿನ ಹಳೇ ರೂಪ ಅನ್ನುವ ಭಾವನೆ ಇದೆ. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಶಾಕುಂತಲವನ್ನು ಸಂಗೀತ ನಾಟಕವಾಗಿ ಆಡಿದರು. ಅದೇ ಕಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ನಾಟಕ ಸಭೆ ಕಟ್ಟಿಕೊಂಡಿತು, ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. ಗುಬ್ಬಿಯ ಕಂಪನಿ ಶುರುವಾದದ್ದು 1884ರಲ್ಲಿ. ವೀರಣ್ಣನವರ ಕೈಗೆ ಬಂದ ಮೇಲೆ ಅದು ಬೆಳೆದ ಪರಿ ಎಲ್ಲರಿಗೂ ಗೊತ್ತು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಆ ಕಂಪನಿಗೆ ನಾಟಕ, ಹಾಡು ಬರೆದುಕೊಟ್ಟರು. 1934ರಲ್ಲಿ ತೆರೆಗೆ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಹಾಡು, ಮಾತು ಬರೆದವರೂ ಅವರೇ. ಅಂದರೆ ನಾಟಕದ ಹಾಡು ಸಿನಿಮಾದಿಂದ ಬಂದದ್ದಲ್ಲ, ಸಿನಿಮಾವೇ ನಾಟಕದ ಮನೆಯಿಂದ ಎದ್ದುಹೋದದ್ದು. ಅದೇ 1934ರಲ್ಲಿ ಗುಬ್ಬಿ ಕಂಪನಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ, ಕುದುರೆಗಳ ಸಮೇತ ಆಡಿತು. ಮಳವಳ್ಳಿಯವರಿಗೆ ಇನ್ನೊಂದು ಹೆಸರು ನೆನಪಿಸುತ್ತೇನೆ, ಮಳವಳ್ಳಿ ಸುಂದರಮ್ಮ. ವೃತ್ತಿರಂಗಭೂಮಿಯಲ್ಲಿ ಹಾಡಿ ನಟಿಸಿ ನಿಮ್ಮ ಊರಿನ ಹೆಸರನ್ನು ನಾಡಿನ ತುಂಬ ಕೊಂಡೊಯ್ದವರು. ಅವರ ಹೆಸರಿನ ಒಂದು ಬೋರ್ಡಾದರೂ ನಿಮ್ಮ ರಂಗದ ಕಮಾನಿನ ಮೇಲೆ ಬರಲಿ ಎಂದು ನನ್ನ ಆಸೆ. ಕಮಾನಿನ ತುಂಬ ಈಗ ಯಾರ ಯಾರ ಮುಖ ಇರುತ್ತದೆ ಎನ್ನುವುದು ನಿಮಗೂ ಗೊತ್ತು.

ಕಂಪನಿಗಳು ಆನೆ ಕುದುರೆ ತರುತ್ತಿದ್ದ ಹೊತ್ತಿಗೇ ನಮ್ಮ ಕಡೆ ಬೇರೆ ಏನೋ ಆಗುತ್ತಿತ್ತು. ಕನ್ನಂಬಾಡಿಯ ನೀರು ನಾಲೆಯಲ್ಲಿ ಮಂಡ್ಯದ ಬಯಲಿಗೆ ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ರಾಗಿ ಹೊಲ ಕಬ್ಬಿನ ಗದ್ದೆಯಾಯಿತು, ರೈತರ ಕೈಗೆ ವರ್ಷಕ್ಕೊಮ್ಮೆಯಾದರೂ ದುಡ್ಡು ಬರತೊಡಗಿತು. ಆಮೇಲೆ ಒಂದೊಂದೇ ಕಂಪನಿ ಮುಚ್ಚಿಕೊಂಡಾಗ ಅಲ್ಲಿನ ನಟರು, ಹಾರ್ಮೋನಿಯಂ ಮೇಷ್ಟ್ರುಗಳು ಹಳ್ಳಿಗಳಿಗೆ ಬಂದು ನಾಟಕ ಕಲಿಸಲು ಕೂತರು. ಅವರಿಗೆ ಅನ್ನ ಹಾಕಿದ್ದು ನಮ್ಮ ಕಬ್ಬು, ನಮಗೆ ಮಟ್ಟು ಕೊಟ್ಟದ್ದು ಅವರು. ಕರೆಂಟಿನ ವಿಚಾರ ಬಂದರೆ ನನಗೆ ಈಗಲೂ ನಗು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು, ಹುಟ್ಟಿದ್ದೇ ತಡ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ತಂತಿಯ ಕೆಳಗಿನ ಹಳ್ಳಿಗಳಲ್ಲಿ ಪಾಂಡವರು ಎಷ್ಟೋ ವರ್ಷ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲೇ ಯುದ್ಧ ಗೆದ್ದರು. ಮೈಕಿಲ್ಲದ ಕಾಲ. ಕಡೆಯ ಸಾಲಿನ ಮುದುಕಿಗೂ ಪದ ಪದ ಕೇಳಿಸಬೇಕು. ಹಾಗೆ ಹಾಡಿದವರ ಗಂಟಲನ್ನು ನೆನೆಸಿಕೊಂಡರೆ ಈಗಿನ ಸೌಂಡ್ ಬಾಕ್ಸಿನ ಗೋಪುರ ನೋಡಿ ಏನು ಹೇಳಬೇಕೋ ತಿಳಿಯುವುದಿಲ್ಲ.

ಸೌಂಡಿನ ಬಗ್ಗೆ ಒಂದೇ ಮಾತು. ಮೈಕು ಪಾತ್ರಧಾರಿಗೆ ಕೊಡುವಷ್ಟೇ ತಬಲಕ್ಕೂ ಹಾರ್ಮೋನಿಯಂಗೂ ಕೊಡಿ. ಜೊತೆಗೆ ಹಿಮ್ಮೇಳದ ಸದ್ದು ರಂಗದ ಮೇಲಿರುವವರಿಗೆ ಕೇಳುವಂತೆ ಒಂದು ಬಾಕ್ಸನ್ನು ಒಳಮುಖವಾಗಿ ತಿರುಗಿಸಿ ಇಡಿಸಿ. ಎಷ್ಟೋ ಸಲ ಪಾತ್ರಧಾರಿ ಶ್ರುತಿ ತಪ್ಪುವುದು ಕಂಠದ ದೋಷದಿಂದಲ್ಲ. ಅವನಿಗೆ ಹಾರ್ಮೋನಿಯಂ ಕೇಳಿಸುತ್ತಲೇ ಇರುವುದಿಲ್ಲ.

ಈಗ ದುಡ್ಡಿನ ವಿಚಾರ. ಮುಚ್ಚುಮರೆ ಯಾಕೆ, ನಮ್ಮ ಕಡೆ ಪಾರ್ಟು ಸಿಗುವುದು ದುಡ್ಡಿಗೆ. ಹೆಚ್ಚು ಕೊಟ್ಟವನು ದುರ್ಯೋಧನ, ಅದಕ್ಕಿಂತ ಸ್ವಲ್ಪ ಕಡಿಮೆ ಕೊಟ್ಟವನು ಭೀಮ. ಬಡವನಿಗೆ ವಿದುರ, ಇಲ್ಲವೇ ಸೈಂಧವ. ಇದನ್ನು ಬೈಯುವವರು ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನು ಬೈಯುವುದಿಲ್ಲ. ಸರ್ಕಾರದ ಮುಂದೆ ಕೈಚಾಚದೆ, ಟಿಕೆಟ್ ಇಡದೆ, ಇಡೀ ಊರಿಗೆ ರಾತ್ರಿಯೆಲ್ಲ ಪುಕ್ಕಟೆ ನಾಟಕ ತೋರಿಸುವ ದಾರಿ ಇದು. ಹಸು ಮಾರಿ ಅರ್ಜುನನ ಪಾರ್ಟು ಮಾಡಿದವರನ್ನು ನೋಡಿದ್ದೇನೆ, ಅವರ ಹೆಂಡತಿಯ ಬೈಗುಳವನ್ನೂ ಕೇಳಿದ್ದೇನೆ. ಆದರೆ ಕೃಷ್ಣ ಮತ್ತು ಕರ್ಣ, ಈ ಎರಡು ಪಾರ್ಟನ್ನಾದರೂ ಹರಾಜಿನಿಂದ ಹೊರಗಿಡಿ. ಅವೆರಡೂ ಕಂಠದ ಮೇಲೆ ನಿಂತ ಪಾತ್ರಗಳು. ಮೇಷ್ಟ್ರನ್ನು ಮೊದಲೇ ಕರೆಸಿ, ಆಸಕ್ತಿ ಇರುವ ಹುಡುಗರನ್ನೆಲ್ಲ ಒಂದು ಸಂಜೆ ಕೂರಿಸಿ, ಒಂದೊಂದು ಕಂದ ಹಾಡಿಸಿ. ಯಾರ ಕಂಠಕ್ಕೆ ಕೃಷ್ಣ ಒಗ್ಗುತ್ತದೆ ಎಂದು ಅವರು ಹೇಳಲಿ. ಅವನು ಬಡವನಾದರೆ ಆ ಪಾರ್ಟಿನ ಪಾಲನ್ನು ಉಳಿದವರು ಹೊತ್ತುಕೊಳ್ಳಿ. ನಿಮ್ಮ ದುರ್ಯೋಧನನ ದರ್ಬಾರು ಎಷ್ಟೇ ಜೋರಾಗಿರಲಿ, ಸಂಧಾನದ ಸೀನಿನಲ್ಲಿ ಎದುರಿಗೆ ನಿಂತ ಕೃಷ್ಣ ಅಪಸ್ವರ ಹಾಡಿದರೆ ದುಡ್ಡು ಕೊಟ್ಟ ದುರ್ಯೋಧನನಿಗೂ ನಷ್ಟ.

ಇನ್ನು ಶ್ರುತಿ. ಕಂಪನಿಯವರು ಏರು ಶ್ರುತಿಯಲ್ಲಿ ಹಾಡುತ್ತಿದ್ದರು ಎಂದು ಎಲ್ಲರನ್ನೂ ಅದೇ ಶ್ರುತಿಗೆ ಹತ್ತಿಸುವ ಹುಚ್ಚು ಕೆಲವರಿಗಿದೆ. ಪ್ರಾಕ್ಟೀಸಿನಲ್ಲಿ ಗಂಟಲು ಒಡೆದುಕೊಂಡು, ನಾಟಕದ ದಿನ ಬಿಸಿನೀರು, ಕಾಳುಮೆಣಸು, ಕಲ್ಲುಸಕ್ಕರೆ ಎಂದು ಓಡಾಡುವುದು. “ಮೇಷ್ಟ್ರೆ, ಒಸಿ ಇಳ್ಸಿ” ಅನ್ನುವುದಕ್ಕೆ ಅವಮಾನ ಪಡಬೇಡಿ. ಒಳ್ಳೆಯ ಮೇಷ್ಟ್ರು ಪ್ರತಿ ಪಾತ್ರಧಾರಿಯ ಶ್ರುತಿಯ ಮನೆ ಯಾವುದು ಎಂದು ನೋಟ್‌ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿರುತ್ತಾರೆ. ಒಂದು ಸೀನಿನಿಂದ ಇನ್ನೊಂದು ಸೀನಿಗೆ ಕೈ ತಾನಾಗಿ ಜರುಗುತ್ತದೆ. ಕಷ್ಟ ಇರುವುದು ತಬಲದವನಿಗೆ: ಅವನು ಎರಡು ಮೂರು ತಬಲ ಹೊತ್ತು ತರಬೇಕು. ಅದೂ ಅಲ್ಲದೆ ಮಾಘ ಫಾಲ್ಗುಣದ ರಾತ್ರಿ ಇಬ್ಬನಿ ಬೀಳತೊಡಗಿದರೆ ತಬಲದ ಚರ್ಮ ತಣ್ಣಗಾಗಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಹಾರ್ಮೋನಿಯಂ ಮಾತ್ರ ಇದ್ದಲ್ಲೇ ಇರುತ್ತದೆ. ನಡುರಾತ್ರಿಯ ಮೇಲೆ ಪ್ರತಿ ಸೀನಿನ ನಡುವೆ ಸುತ್ತಿಗೆ ಹಿಡಿದು ಗಟ್ಟಿಗಳನ್ನು ಬಡಿದು ಮತ್ತೆ ಮೇಲಕ್ಕೆ ತರಬೇಕು. ಅದಕ್ಕೆ ಒಂದೆರಡು ನಿಮಿಷ ಬೇಕು. ಪರದೆಯ ಹಿಂದಿನಿಂದ “ಬುಡಿ ಬುಡಿ, ಟೈಮಾಯ್ತು” ಎಂದು ಕೂಗಬೇಡಿ. ಹಿಮ್ಮೇಳದವರ ತಲೆಯ ಮೇಲೆ ನಾಲ್ಕು ತೆಂಗಿನ ಗರಿಯೋ ಟಾರ್ಪಾಲೋ ಹಾಕಿಸಿದರೆ ಇಬ್ಬನಿಯ ಕಾಟ ಅರ್ಧ ಕಡಿಮೆಯಾಗುತ್ತದೆ. ಗಣ್ಯರಿಗೆ ಶಾಮಿಯಾನ ಹಾಕಿಸುವ ಸಂಘಕ್ಕೆ ಇದು ದೊಡ್ಡ ಖರ್ಚಲ್ಲ.

ಗಣ್ಯರ ಮಾತು ಬಂತು. ಇಲ್ಲಿ ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಹಿರಿಯನೆಂದು ಸಹಿಸಿಕೊಳ್ಳಿ. ನಾಟಕದ ನಡುವೆ ಹಾರ ಹಾಕುವುದನ್ನು ನಿಲ್ಲಿಸಿ. ಅಭಿಮನ್ಯು ಚಕ್ರವ್ಯೂಹಕ್ಕೆ ಹೊರಟು ಉತ್ತರೆಯನ್ನು ಬೀಳ್ಕೊಡುತ್ತಿದ್ದಾನೆ. ಅಷ್ಟರಲ್ಲಿ ಪಕ್ಕದಿಂದ ನಾಲ್ಕು ಜನ ಏಲಕ್ಕಿ ಹಾರ, ಶಾಲು ಹಿಡಿದು ಹತ್ತುತ್ತಾರೆ. ಅಭಿಮನ್ಯು ನಗುತ್ತಾ ಕತ್ತು ಬಗ್ಗಿಸುತ್ತಾನೆ. ಫೋಟೊದವನು ಉತ್ತರೆಯನ್ನು ಆ ಕಡೆ ಸರಿಯಮ್ಮ ಅನ್ನುತ್ತಾನೆ. ಮೈಕಿನಲ್ಲಿ ಭಾವಮೈದುನರ ಹೆಸರು, ಸೋದರಮಾವಂದಿರ ಹೆಸರು, ಪಂಚಾಯ್ತಿ ಸದಸ್ಯರ ಹೆಸರು. ಮೇಷ್ಟ್ರು ಅದೇ ನಾಲ್ಕು ಸ್ವರವನ್ನು ಸುತ್ತಿ ಸುತ್ತಿ ನುಡಿಸುತ್ತಾ ಕೂರಬೇಕು. ಅವರು ಹಾರ ಹಾಕಿ ಇಳಿದ ಮೇಲೆ ಅಭಿಮನ್ಯು ಸಾಯಲು ಹೋಗುತ್ತಾನೆ, ಯಾರೂ ಅಳುವುದಿಲ್ಲ. ದೊಡ್ಡ ಮುಖಂಡರೊಬ್ಬರು ಬಂದರೆಂದು ದ್ರೌಪದಿ ವಸ್ತ್ರಾಪಹರಣವನ್ನೇ ಅರ್ಧಕ್ಕೆ ನಿಲ್ಲಿಸಿ ಮುಕ್ಕಾಲು ಗಂಟೆ ಭಾಷಣ ನಡೆದದ್ದಕ್ಕೆ ನಾನು ಸಾಕ್ಷಿ. ಕಲಾವಿದೆ ಅಷ್ಟು ಹೊತ್ತೂ ರಂಗದ ಮೂಲೆಯಲ್ಲಿ, ಸೀರೆ ಹಿಡಿದುಕೊಂಡೇ ನಿಂತಿದ್ದರು.

ನೆಂಟರ ಪ್ರೀತಿ ನನಗೆ ಅರ್ಥವಾಗುತ್ತದೆ. ಮುಯ್ಯಿ ಮಾಡುವುದು ನಮ್ಮ ಸಂಪ್ರದಾಯ, ಪಾರ್ಟಿಗೆ ಹಾಕಿದ ದುಡ್ಡಿನಲ್ಲಿ ಸ್ವಲ್ಪ ಹಾಗೆ ವಾಪಸು ಬರುವುದೂ ಉಂಟು. ಅದಕ್ಕೆ ಒಂದು ಹೊತ್ತು ಗೊತ್ತುಮಾಡಿ. ನಾಂದಿ ಹಾಡು ಮುಗಿದು ಶಾರದೆಗೆ ಮಂಗಳಾರತಿಯಾದ ತಕ್ಷಣ ಎಲ್ಲ ಪಾತ್ರಧಾರಿಗಳೂ ವೇಷದಲ್ಲೇ ಸಾಲಾಗಿ ನಿಲ್ಲಲಿ. ಹಾರ, ಉಂಗುರ, ಭಾಷಣ ಎಲ್ಲವೂ ಅಲ್ಲೇ ಆಗಿಹೋಗಲಿ. ತಡವಾಗಿ ಬಂದವರಿಗೆ ಬೆಳಗ್ಗೆ ಮಂಗಳದ ಹೊತ್ತಿನಲ್ಲಿ ಅವಕಾಶ. ನಡುವೆ ಯಾರೇ ಬರಲಿ, ಕುರ್ಚಿ ಕೊಡಿ, ಕಾಫಿ ಕೊಡಿ, ಮೈಕು ಕೊಡಬೇಡಿ. ಇದನ್ನು ಕರಪತ್ರದಲ್ಲೇ ಅಚ್ಚು ಹಾಕಿಸಿಬಿಟ್ಟರೆ ಹೇಳುವ ಮುಜುಗರವೂ ತಪ್ಪುತ್ತದೆ.

ಕರಪತ್ರ ಅಂದಾಗ ನಿಮಗೆ ಹೊಳೆಯದೇ ಇರಬಹುದಾದ ಒಂದು ಸಂಗತಿ ಇದೆ. ಕಷ್ಟದಲ್ಲಿರುವ ವಯಸ್ಸಾದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಮಾಸಾಶನ ಇದೆ. ಅರ್ಜಿ ಹಾಕಲು ಹೋದರೆ ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ತನ್ನಿ ಅನ್ನುತ್ತಾರೆ. ಊರೂರು ತಿರುಗಿ ಜೀವಮಾನವೆಲ್ಲ ನುಡಿಸಿದವನ ಹತ್ತಿರ ಏನು ದಾಖಲೆ ಇರುತ್ತದೆ? ಹಳೆಯ ಕರಪತ್ರ, ಅಷ್ಟೆ. ಅದರಲ್ಲಿ ಮುಖಂಡರ ಫೋಟೊ ಹನ್ನೆರಡು ಇರುತ್ತವೆ, ಮೇಷ್ಟ್ರ ಹೆಸರು ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ. ತಬಲದವನ ಹೆಸರು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೇಕಪ್ಪಿನವರು, ಸೀನರಿಯವರು, ಪಾತ್ರ ಮಾಡುವ ಹೆಣ್ಣುಮಕ್ಕಳು, ಎಲ್ಲರ ಪೂರ್ತಿ ಹೆಸರು, ಊರು, ನಾಟಕದ ಹೆಸರು, ತಾರೀಕು ಸ್ಪಷ್ಟವಾಗಿ ಅಚ್ಚಾಗಲಿ. ಪ್ರತಿಯೊಬ್ಬರಿಗೂ ನಾಲ್ಕು ಪ್ರತಿ ಕೊಡಿ. ಸಂಘದ ಮುದ್ರೆ ಹಾಕಿದ ಒಂದು ಪ್ರಮಾಣಪತ್ರವೂ ಇರಲಿ. ಇವತ್ತು ನಿಮಗೆ ಎರಡು ಸಾಲಿನ ಕೆಲಸ, ಮುಂದೆ ಅವರ ಔಷಧಿ ಖರ್ಚಿಗೆ ಅದೇ ದಾರಿ.

ಸಂಭಾವನೆಯ ವಿಚಾರವನ್ನು ನಿಮ್ಮ ನ್ಯಾಯಕ್ಕೇ ಬಿಡುತ್ತೇನೆ. ಒಂದು ಕೇಳಿಕೆ ಮಾತ್ರ. ಎರಡು ಮೂರು ತಿಂ‍ಗಳು ದಿನಾ ರಾತ್ರಿ ಮೊಪೆಡ್ಡಿನಲ್ಲಿ ಬಂದು, ಗದ್ದೆಯ ಕೆಲಸ ಮುಗಿಸಿ ಒಬ್ಬೊಬ್ಬರಾಗಿ ನೀವು ಬರುವವರೆಗೆ ಕಾದು, ಕಲಿಸಿ ಹೋಗುವ ಮನುಷ್ಯನಿಗೆ ನಾಟಕ ಮುಗಿದ ಬೆಳಗ್ಗೆ ಲೆಕ್ಕ ಮಾಡಬೇಡಿ. ಆ ಹೊತ್ತಿಗೆ ಸೌಂಡಿನವರು, ಸೀನರಿಯವರು, ಪೆಂಡಾಲಿನವರು ಸಾಲಾಗಿ ನಿಂತಿರುತ್ತಾರೆ. ಕಡ ತಂದ ದುಡ್ಡು ಖಾಲಿಯಾಗಿರುತ್ತದೆ. ಬಣ್ಣ ಒರೆಸಿಕೊಂಡ ಪಾತ್ರಧಾರಿ ನಿದ್ದೆಗೆ ಜಾರಿರುತ್ತಾನೆ. “ಮೇಷ್ಟ್ರೆ, ನೀವು ನಮ್ಮೋರೇ ಅಲ್ವಾ, ಹಬ್ಬ ಕಳೀಲಿ” ಅನ್ನುವ ಮಾತು ಅವರ ಪಾಲಿಗೆ. ನಮ್ಮವರು ಎನ್ನುವ ಕಾರಣಕ್ಕೇ ಅವರಿಗೆ ಮೊದಲು ಕೊಡಬೇಕು. ಅರ್ಧ ಕಲಿಕೆ ಶುರುವಾದಾಗ, ಉಳಿದದ್ದು ನಾಟಕದ ಹಿಂದಿನ ದಿನ. ತಬಲದವನಿಗೂ ಹಾಗೇ.

ಹೆಣ್ಣುಪಾತ್ರಕ್ಕೆ ಬರುವ ಕಲಾವಿದೆಯರ ಬಗ್ಗೆಯೂ ಎರಡು ಮಾತು. ಒಂದೇ ರಾತ್ರಿ ಮೂರು ಪಾತ್ರ ಮಾಡಿ, ಪ್ರತಿ ಪಾತ್ರಕ್ಕೆ ಬೇರೆ ಬೇರೆ ಹಾಡು ಹಾಡುವವರು ಅವರು. ನಿಮ್ಮ ಜೊತೆ ಅವರಿಗೆ ಪ್ರಾಕ್ಟೀಸು ಸಿಗುವುದು ಒಂದೋ ಎರಡೋ ದಿನ. ಆದರೂ ನೀವು ತಪ್ಪಿದಾಗ ಹಿಡಿದು ನಿಲ್ಲಿಸುವವರು ಅವರೇ, ಕುಂತಿಯ ಕೈ ಕರ್ಣನ ತಲೆಯ ಮೇಲೆ ಬಂದದ್ದನ್ನು ಆಗಲೇ ಹೇಳಿದೆ. ಬಾಗಿಲು ಇರುವ ಕೋಣೆ, ಹತ್ತಿರದಲ್ಲೇ ಶೌಚಾಲಯ, ಬೆಳಗಿನ ಜಾವ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಊರಿನ ಒಬ್ಬ ಹಿರಿಯರು. ಇದು ಉಪಕಾರವಲ್ಲ, ಊರಿನ ಮಾನ. ಅವರ ಹಾಡಿಗೆ ಶಿಳ್ಳೆ ಹೊಡೆದು ಕೆಟ್ಟ ಮಾತಾಡುವ ಪುಂಡರನ್ನು ಎಬ್ಬಿಸಿ ಕಳಿಸುವುದು ಯಜಮಾನರ ಕೆಲಸ.

ನಿಮ್ಮ ಊರಿನ ಹೆಣ್ಣುಮಕ್ಕಳು ಯಾಕೆ ಕಲಿಯಬಾರದು? ಭಜನೆಯಲ್ಲಿ ಹಾಡುತ್ತಾರೆ, ಶಾಲೆಯ ವೇದಿಕೆಯಲ್ಲಿ ಹಾಡಿ ಪ್ರೈಜು ತರುತ್ತಾರೆ, ನಾಟಕಕ್ಕೆ ಬಂದಾಗ ಮಾತ್ರ ಚಾಪೆ ಹಿಡಿದು ಮುಂದೆ ಕೂರುತ್ತಾರೆ. ಪಾರ್ಟು ಮಾಡಿಸಲು ಈಗಲೇ ಮನಸ್ಸು ಒಪ್ಪದಿದ್ದರೆ ಬೇಡ. ಹಾರ್ಮೋನಿಯಂ ಪಕ್ಕದಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿ, ಅದರಲ್ಲಿ ಒಬ್ಬಳು ಹುಡುಗಿ ಇರಲಿ. ಪಾತ್ರಧಾರಿಗಳಿಗೆ ಕಲಿಸುವಾಗಲೇ ಮೇಷ್ಟ್ರು ಅವರಿಗೂ ಬೆರಳು ಇಡುವುದನ್ನು ತೋರಿಸಲಿ. ನಮ್ಮ ಸುತ್ತಲಿನ ಮೇಷ್ಟ್ರುಗಳಲ್ಲಿ ಬಹಳ ಜನಕ್ಕೆ ವಯಸ್ಸಾಗಿದೆ. ಅವರ ನೋಟ್‌ಪುಸ್ತಕದಲ್ಲಿ ಹಾಡಿನ ಸಾಹಿತ್ಯ ಇರುತ್ತದೆ, ಮೇಲೆ ರಾಗದ ಹೆಸರೂ ಇರಬಹುದು, ಮಟ್ಟು ಮಾತ್ರ ಕೈಯಲ್ಲಿರುತ್ತದೆ. ಆ ಕೈ ಹೋದರೆ ಪುಸ್ತಕ ಇದ್ದೂ ಇಲ್ಲ. ನಿಮ್ಮೆಲ್ಲರ ಜೇಬಿನಲ್ಲಿ ಫೋನಿದೆ. ರೀಲ್ಸಿಗೆ ತೆಗೆಯುವುದು ತೆಗೆಯಿರಿ. ಅದರ ಜೊತೆಗೆ ಮೇಷ್ಟ್ರು ಒಬ್ಬರೇ ಕೂತು ಒಂದೊಂದೇ ಹಾಡನ್ನು ನಿಧಾನವಾಗಿ ಹಾಡಿ ನುಡಿಸುವುದನ್ನು, ರಾಗ, ತಾಳ, ಯಾರಿಂದ ಕಲಿತೆ ಎನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ ರೆಕಾರ್ಡು ಮಾಡಿಡಿ.

ಹಾಡುಗಳ ಸಂಖ್ಯೆ ಕಡಿಮೆ ಮಾಡಿ ಅಂದರೆ ಕೋಪ ಬರುತ್ತದೆ, ಗೊತ್ತು. ತನ್ನ ಪಾರ್ಟಿನ ಒಂದು ಹಾಡೂ ಹೋಗಬಾರದು ಎಂದು ಹಟ ಹಿಡಿಯದ ಪಾತ್ರಧಾರಿ ಇನ್ನೂ ಹುಟ್ಟಿಲ್ಲ. ಆದರೂ ಹೇಳುತ್ತೇನೆ, ಬೆಳಗಾಗಲೇಬೇಕು ಎನ್ನುವ ನೇಮ ಯಾವ ಶಾಸ್ತ್ರದಲ್ಲೂ ಇಲ್ಲ. ಬೆಳಗಿನ ಬಸ್ಸು ಬರುವವರೆಗೆ ಜನ ಎಲ್ಲಿಗೂ ಹೋಗುವಂತಿರಲಿಲ್ಲ, ಅದಕ್ಕೆ ಆಗ ರಾತ್ರಿಯಿಡೀ ನಡೆಯುತ್ತಿತ್ತು. ಈಗ ಎಲ್ಲರ ಮನೆಯಲ್ಲೂ ಬೈಕು. ಎರಡು ಗಂಟೆಗೆ ಜನ ಎದ್ದು ಹೋಗಿ, ಊರುಭಂಗದ ಹೊತ್ತಿಗೆ ರಂಗದ ಮುಂದೆ ಖಾಲಿ ಕುರ್ಚಿ. ದುರ್ಯೋಧನ ಸಾಯುವುದನ್ನು ಅವನ ಹೆಂಡತಿ ಮಕ್ಕಳೂ ನೋಡುವುದಿಲ್ಲ! ಯಾವ ಹಾಡು ಉಳಿಯಬೇಕು ಎನ್ನುವುದನ್ನೂ ಮೇಷ್ಟ್ರ ಮಾತಿಗೆ ಬಿಡಿ.

ಕಡೆಯದಾಗಿ ಒಂದು ಆಸೆ. ಮೇಲುಕೋಟೆ ನಮ್ಮ ಜಿಲ್ಲೆಯದೇ. ಅಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ಯರು ಹಾಡಿಕೊಂಡೇ ಆಡಬೇಕಾದ ನಾಟಕಗಳನ್ನು ಬರೆದರು. ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಪುಸ್ತಕಕ್ಕೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಗೋಕುಲ ನಿರ್ಗಮನ’ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ಆ ಕಾರಂತರೂ ಚಿಕ್ಕ ಹುಡುಗನಾಗಿ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಇವೆಲ್ಲ ಪೇಟೆಯ ಹವ್ಯಾಸಿಗಳಿಗೆ ಎಂದು ನಾವು ಬಿಟ್ಟುಕೊಟ್ಟಿದ್ದೇವೆ. ಕೃಷ್ಣ ಗೋಕುಲ ಬಿಟ್ಟು ಮಧುರೆಗೆ ಹೊರಡುವ ಕತೆ. ಗದೆ ಇಲ್ಲ, ದರ್ಬಾರಿಲ್ಲ, ಯುದ್ಧವಿಲ್ಲ, ಹಾಡಿದೆ. ನಮ್ಮ ಹಳ್ಳಿಯ ಕಂಠಗಳಿಗೆ, ನಮ್ಮ ಮೇಷ್ಟ್ರುಗಳ ಬೆರಳಿಗೆ ಅದು ಹೇಗೆ ಕೇಳಬಹುದು ಎಂದು ನನಗೆ ಬಹಳ ಕುತೂಹಲ. ಮೂರು ತಾಲ್ಲೂಕಿನಲ್ಲಿ ಒಂದು ಸಂಘ, ಒಂದು ವರ್ಷ ಎತ್ತಿಕೊಳ್ಳಿ. ‘ಕುರುಕ್ಷೇತ್ರ’ ಎಲ್ಲಿಗೂ ಹೋಗುವುದಿಲ್ಲ.

ಮೊದಲ ಸಭೆ ಯಾವತ್ತೆಂದು ತಿಳಿಸಿದರೆ ನಾನೂ ಬರುತ್ತೇನೆ. ಪಾರ್ಟು ಕೇಳಲು ಅಲ್ಲ. ಹುಡುಗರನ್ನು ಹಾಡಿಸಿ ನೋಡುವ ಸಂಜೆ ಮೇಷ್ಟ್ರ ಪಕ್ಕ ಕೂತು ತಾಳ ಹಾಕುವಷ್ಟು ಕೈ ಇನ್ನೂ ಇದೆ. ತಬಲ ನನ್ನ ಹತ್ತಿರವೇ ಇವೆ, ಕಲಿಯುವ ಮಕ್ಕಳು ಯಾರಾದರೂ ಸಿಕ್ಕಿದರೆ ಅಲ್ಲೇ ಬಿಟ್ಟು ಬರುತ್ತೇನೆ. ಟೀಗೆ ಸಕ್ಕರೆ ಕಡಿಮೆ ಇರಲಿ.

ತಮ್ಮೆಲ್ಲರ ನಾಟಕವೂ ನಿರ್ವಿಘ್ನವಾಗಿ ನಡೆಯಲೆಂದು ಹಾರೈಸುತ್ತಾ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಹಳೆಯ ತಬಲ ವಾದಕ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ